ಐದೇ ನಿಲ್ದಾಣ, ನೆಲಕ್ಕೊಂದು ಟೇಪು: ವರ್ಚುವಲ್ ಫೀಲ್ಡ್ ಟ್ರಿಪ್ ಕೈಹಿಡಿದ ಬಗೆ

ಮನೆಯಲ್ಲೇ ಕೂತು, ಪರದೆಯ ಮೂಲಕ ಮಕ್ಕಳಿಗೆ ದೂರದ ಮ್ಯೂಸಿಯಂ, ಗುಹೆಗಳನ್ನು ತೋರಿಸುವ ವರ್ಚುವಲ್ ಫೀಲ್ಡ್ ಟ್ರಿಪ್ ಮಾಡುತ್ತೇನೆ. "ಅದು ಟಿವಿ ನೋಡಿಸಿದ ಹಾಗೇ ತಾನೆ?" ಮಕ್ಕಳಿಗೆ ಶಾಲೆಯ ಬದಲು ಮನೆಯಲ್ಲೇ ಕಲಿಸುವ, ಅಂದರೆ ಹೋಮ್‌ಸ್ಕೂಲಿಂಗ್ ಮಾಡುವ ಬೇರೆ ಪಾಲಕರು ಕೇಳಿದ್ದು ಇದನ್ನೇ. ಮೊದಲ ಎಂಟ್ಹತ್ತು ಟ್ರಿಪ್‌ಗಳ ಮಟ್ಟಿಗೆ ಅವರ ಮಾತು ನಿಜವೂ ಆಗಿತ್ತು. ಈಗ ಲೆಕ್ಕ ನಲವತ್ತರ ಹತ್ತಿರ ಬಂದಿದೆ. ಆರು ಮನೆಗಳ ಹದಿನಾಲ್ಕು ಮಕ್ಕಳು, ಆರು ವರ್ಷದವರಿಂದ ಹದಿಮೂರರವರೆಗೆ. ತಿಂಗಳು ಕಳೆದ ಮೇಲೂ ನೋಡಿದ್ದನ್ನು ಅಳತೆ ಸಮೇತ ಹೇಳುತ್ತಾರೆ. ಆಗ ಅನುಮಾನಪಟ್ಟವರೇ ಈಗ ಮುಂದಿನದು ಯಾವಾಗ ಎಂದು ಕೇಳುತ್ತಿದ್ದಾರೆ. ಹಾಗಾಗಿ ಮಾಡುವ ಕ್ರಮ ಬರೆದಿಡುತ್ತಿದ್ದೇನೆ. ಗೂಗಲ್ ಮ್ಯಾಪಿನಲ್ಲಿ ಬೀದಿಯನ್ನು ಸುತ್ತ ತಿರುಗಿಸಿ ನೋಡುವ ಸ್ಟ್ರೀಟ್ ವ್ಯೂ, ಮ್ಯೂಸಿಯಂಗಳ ಚಿತ್ರ ತೋರಿಸುವ ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್, ವಿಡಿಯೊ ಕಾಲ್ ಇವೆಲ್ಲ ಓದುವವರಿಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತೇನೆ.

ಮೊದಲು ಎಲ್ಲರೂ ಮಾಡುವ ತಪ್ಪು. ಮ್ಯೂಸಿಯಂನ ವರ್ಚುವಲ್ ಟೂರ್ ತೆರೆದು ಮೌಸನ್ನು ಮಗುವಿನ ಕೈಗೆ ಕೊಡುವುದು. ಏಳೆಂಟು ನಿಮಿಷದಲ್ಲಿ ಅದು ಬಾಣದ ಗುರುತು ಒತ್ತಿ ಒತ್ತಿ ಮೂರು ಕೋಣೆ ದಾಟಿ, ಯಾವುದೋ ಮೆಟ್ಟಿಲ ಬಳಿ ಸಿಕ್ಕಿಕೊಂಡು, ಎದ್ದು ಹೋಗುತ್ತದೆ. ನಿಜವಾದ ಮ್ಯೂಸಿಯಂನಲ್ಲಿ ಕಾಲು ನೋಯುತ್ತದೆ, ಗಾಜಿನ ಪೆಟ್ಟಿಗೆ ಎದುರು ನಿಲ್ಲಲೇಬೇಕಾಗುತ್ತದೆ. ಪರದೆಯಲ್ಲಿ ನಿಲ್ಲಿಸುವಂಥದ್ದು ಏನೂ ಇಲ್ಲ. ನಿಲ್ಲಿಸುವ ಕೆಲಸ ನಾವೇ ಮಾಡಬೇಕು. ಹಾಗಾಗಿ ಒಂದು ಟ್ರಿಪ್‌ಗೆ ಐದೇ ನಿಲ್ದಾಣ, ಅಂದರೆ ನಿಂತು ನೋಡುವ ಐದೇ ಜಾಗ. ಪ್ರತಿ ನಿಲ್ದಾಣಕ್ಕೆ ಒಂದೇ ಪ್ರಶ್ನೆ, ಅದೂ ಕಣ್ಣಿಟ್ಟು ನೋಡಿದರೆ ಮಾತ್ರ ಉತ್ತರ ಸಿಗುವಂಥದ್ದು. ಐದರಲ್ಲಿ ಕನಿಷ್ಠ ಒಂದರ ನಿಜವಾದ ಅಳತೆಯನ್ನು ನೆಲದ ಮೇಲೋ ಗೋಡೆಯ ಮೇಲೋ ಅಂಟು ಟೇಪಿನಲ್ಲಿ ಮೂಡಿಸಬೇಕು. ಪರದೆಯ ಮುಂದೆ ಒಟ್ಟು 25 ನಿಮಿಷ, ಉಳಿದ ಒಂದು ಗಂಟೆ ಪರದೆಯ ಆಚೆ. ಒಂಬತ್ತು ನಿಲ್ದಾಣ ಇಟ್ಟಾಗ ಆರನೆಯದಕ್ಕೇ ಗಮನ ಹಾರಿತು. ಮೂರೇ ಇಟ್ಟರೆ ದೊಡ್ಡ ಮಕ್ಕಳಿಗೆ ಸಾಲದು.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಮೊದಲ ವರ್ಷದ ಖರ್ಚಿನಲ್ಲಿ ಮುಕ್ಕಾಲು ಪಾಲು, ಕಣ್ಣಿಗೆ ಕಟ್ಟಿಕೊಂಡು ಒಳಗಿನ ದೃಶ್ಯ ನೋಡುವ ವಿಆರ್ ಹೆಡ್‌ಸೆಟ್‌ಗೆ ಹೋಯಿತು. ಪೂರ್ತಿ ದಂಡ. ಹಾಕಿಕೊಂಡ ಮಗು ಒಂದೇ, ಉಳಿದವರೆಲ್ಲ ಸರದಿ ಕಾಯುವವರು. ಅದು ಏನು ನೋಡುತ್ತಿದೆ ಎಂದು ಪಕ್ಕದವರಿಗೆ ಗೊತ್ತಾಗದ ಮೇಲೆ ಮಾತುಕತೆಯೇ ಹುಟ್ಟುವುದಿಲ್ಲ. ಚಿಕ್ಕವರಿಗೆ ಕೊಡಲೂ ಆಗುವುದಿಲ್ಲ, ಕಂಪನಿಗಳೇ ವಯಸ್ಸಿನ ಮಿತಿ ಹಾಕಿವೆ. ದೊಡ್ಡವರಲ್ಲೂ ಇಬ್ಬರಿಗೆ ಹತ್ತು ನಿಮಿಷದಲ್ಲಿ ಹೊಟ್ಟೆ ತೊಳಸಿತು. ಅದನ್ನು ಅರ್ಧ ಬೆಲೆಗೆ ಮಾರಿ, ಆ ದುಡ್ಡಲ್ಲಿ ಹಳೆಯ ಪ್ರೊಜೆಕ್ಟರ್ ಮತ್ತು ಉದ್ದದ ಎಚ್‌ಡಿಎಂಐ ಕೇಬಲ್ ತಂದ ಮೇಲೆ ಟ್ರಿಪ್‌ಗೆ ಒಂದು ರೂಪ ಬಂತು. ಈಗಿನ ಖರ್ಚನ್ನು ನೂರು ಪಾಲು ಮಾಡಿದರೆ ಸುಮಾರು ಎಪ್ಪತ್ತು ಪಾಲು ಮ್ಯೂಸಿಯಂನವರ ಲೈವ್ ಗೈಡ್ ಸೆಷನ್‌ಗಳಿಗೆ, ಇಪ್ಪತ್ತು ಪಾಲು ಪ್ರಿಂಟಿಗೆ, ಟೇಪು ಹಗ್ಗಕ್ಕೆ ಹತ್ತು.

ಸುತ್ತಲೂ ತಿರುಗಿಸಿ ನೋಡುವ 360 ಡಿಗ್ರಿ ವಿಡಿಯೊಗಳ ಮೇಲೂ ಸಮಯ ಹಾಳಾಯಿತು. "4ಕೆ" ಎಂದು ಬರೆದಿರುತ್ತದೆ, ಚಿತ್ರ ಮಾತ್ರ ಮಬ್ಬು. ಕಾರಣ ಬರೀ ಲೆಕ್ಕ. 4ಕೆ ಚಿತ್ರದ ಅಗಲದ 3840 ಪಿಕ್ಸೆಲ್, ಅಂದರೆ ಬಣ್ಣದ ಚುಕ್ಕಿಗಳು, ಇಡೀ ಸುತ್ತಿಗೆ ಹಂಚಿಹೋಗಿರುತ್ತದೆ. ಒಮ್ಮೆಗೆ ನಾವು ನೋಡುವುದು ಸುಮಾರು 90 ಡಿಗ್ರಿ, ಅಂದರೆ ಕಾಲು ಭಾಗ, 960 ಪಿಕ್ಸೆಲ್. ಅದನ್ನು ಗೋಡೆಯಷ್ಟು ಹಿಗ್ಗಿಸಿದರೆ ಮಬ್ಬಾಗದೆ ಇನ್ನೇನು? ಅಗಲದಲ್ಲಿ ಅದರ ಎರಡರಷ್ಟು ಪಿಕ್ಸೆಲ್ ಇರುವ 8ಕೆ ಇದ್ದರೆ ಮಾತ್ರ ಪ್ರೊಜೆಕ್ಟರ್‌ಗೆ ಹಾಕುತ್ತೇನೆ. ಇಲ್ಲವಾದರೆ ಸ್ಥಿರಚಿತ್ರವೇ ವಾಸಿ.

ಸ್ಥಿರಚಿತ್ರ ಎಂದರೆ ಎಂಥದ್ದು ಎನ್ನುವುದಕ್ಕೆ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ 2022ರಲ್ಲಿ ಬಿಟ್ಟ 'ನೈಟ್ ವಾಚ್' ನೋಡಿ. ಡಚ್ ಕಲಾವಿದ ರೆಂಬ್ರಾಂಟ್ 1642ರಲ್ಲಿ ಮುಗಿಸಿದ ಚಿತ್ರ. 8,439 ಫೋಟೊಗಳನ್ನು ಜೋಡಿಸಿ ಮಾಡಿದ 717 ಗಿಗಾಪಿಕ್ಸೆಲ್ (ಒಂದು ಗಿಗಾ ಎಂದರೆ ನೂರು ಕೋಟಿ) ಪ್ರತಿ, ಒಂದು ಪಿಕ್ಸೆಲ್‌ಗೆ 5 ಮೈಕ್ರೊಮೀಟರ್, ಅಂದರೆ ಮಿಲಿಮೀಟರಿನ ಇನ್ನೂರರಲ್ಲೊಂದು ಪಾಲು. ಬಣ್ಣ ಬಿರುಕುಬಿಟ್ಟದ್ದು ಕಾಣುತ್ತದೆ. ಎದುರು ನಿಂತವರಿಗೂ ಅಷ್ಟು ಹತ್ತಿರ ಹೋಗಲು ಆಗುವುದಿಲ್ಲ. ಚಿತ್ರದ ಈಗಿನ ಅಳತೆ ಸುಮಾರು 3.8 ಮೀಟರ್ ಎತ್ತರ, 4.5 ಮೀಟರ್ ಅಗಲ. ಗೋಡೆ ಸಾಲದಿದ್ದರೆ ನೆಲದ ಮೇಲೆ ಟೇಪು ಹಾಕಿ. ಆಮೇಲೆ ಬೇರೆ ಬಣ್ಣದ ಟೇಪಿನಲ್ಲಿ ಎಡಗಡೆ ಇನ್ನೊಂದು 60 ಸೆಂಟಿಮೀಟರ್ ಸೇರಿಸಿ. 1715ರಲ್ಲಿ ಪುರಭವನದ ಗೋಡೆಗೆ ಹಿಡಿಸಲೆಂದು ಕತ್ತರಿಸಿ ತೆಗೆದ ಭಾಗಗಳಲ್ಲಿ ಅದೇ ದೊಡ್ಡದು. ಆ ಪಟ್ಟಿಯ ಮೇಲೆ ನಿಲ್ಲಿಸಿದರೆ ಎಷ್ಟು ಹೋಯಿತು ಎಂದು ಬೇರೆ ಹೇಳಬೇಕಾಗಿಲ್ಲ. ಈ ನಿಲ್ದಾಣದ ಪ್ರಶ್ನೆ: ಮುಂದೆ ಕೈ ಚಾಚಿರುವ ಕ್ಯಾಪ್ಟನ್‌ನ ಕೈಯ ನೆರಳು ಎಲ್ಲಿ ಬಿದ್ದಿದೆ? ಪಕ್ಕದವನ ಹಳದಿ ಅಂಗಿಯ ಮೇಲೆ. ಹಾಗಾದರೆ ಬೆಳಕು ಯಾವ ಕಡೆಯಿಂದ? ಒಬ್ಬರು ಕೈ ಚಾಚಿ, ಇನ್ನೊಬ್ಬರು ಪಕ್ಕ ನಿಂತು, ಮೂರನೆಯವರು ಟಾರ್ಚ್ ಹಿಡಿದು ನೆರಳು ಅದೇ ಜಾಗಕ್ಕೆ ಬರುವವರೆಗೆ ಸರಿಸುತ್ತಾರೆ. ಇಷ್ಟಕ್ಕೇ ಇಪ್ಪತ್ತು ನಿಮಿಷ ಹೋಗುತ್ತದೆ, ಹೋಗಲಿ.

ನಲವತ್ತರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಆದದ್ದು, ಚಂದ್ರನ ಮೇಲೆ ಮೊದಲು ಮನುಷ್ಯರನ್ನು ಇಳಿಸಿದ ಅಪೊಲೊ 11. ಸ್ಮಿತ್‌ಸೋನಿಯನ್‌ನವರು (ಅಮೆರಿಕದ ಮ್ಯೂಸಿಯಂ ಸಂಸ್ಥೆ) ಗಗನಯಾತ್ರಿಗಳು ಕೂತು ಹೋಗಿಬಂದ ಕಮಾಂಡ್ ಮಾಡ್ಯೂಲ್ ಕೊಲಂಬಿಯಾದ ಒಳಗು ಹೊರಗು ಸ್ಕ್ಯಾನ್ ಮಾಡಿ 2016ರಲ್ಲಿ 3ಡಿ ಮಾಡೆಲ್ ಬಿಟ್ಟಿದ್ದಾರೆ, ಬ್ರೌಸರ್‌ನಲ್ಲೇ ತೆರೆಯುತ್ತದೆ. ಪರದೆ ತೆರೆಯುವ ಮುಂಚೆಯೇ ನೆಲದ ಕೆಲಸ ಮುಗಿದಿರಬೇಕು. 1.95 ಮೀಟರ್ ಹಗ್ಗ, ಒಂದು ತುದಿ ನಡುವೆ ಒತ್ತಿ ಹಿಡಿದು, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ವೃತ್ತ ಎಳೆಯಿರಿ. 3.9 ಮೀಟರ್ ವ್ಯಾಸ, ಅದು ಮಾಡ್ಯೂಲಿನ ತಳ. ಆದರೆ ಇಲ್ಲೇ ಒಂದು ಎಡವಟ್ಟು. ವೃತ್ತ ನೋಡಿದವರು "ಇಷ್ಟೊಂದು ಜಾಗವಾ?" ಎಂದರು. ಮಾಡ್ಯೂಲ್ ಶಂಕುವಿನ ಆಕಾರ, ಗೋಡೆ ದಪ್ಪ, ಒಳಗೆ ಸಾಮಾನು ತುಂಬಿದೆ. ಮನುಷ್ಯರಿಗೆ ಉಳಿಯುವುದು ಸುಮಾರು 6 ಘನ ಮೀಟರ್. ಆದ್ದರಿಂದ ವೃತ್ತದೊಳಗೆ 2 ಮೀಟರ್‌ಗೆ 2 ಮೀಟರ್ ಚೌಕ ಎಳೆದು, ನೆಲದಿಂದ 1.5 ಮೀಟರ್ ಎತ್ತರಕ್ಕೆ ದಾರ ಕಟ್ಟಿದರೆ ಲೆಕ್ಕ ಸರಿಹೋಗುತ್ತದೆ. ಮೂವರನ್ನು ಆ ಚೌಕದಲ್ಲಿ ಮಲಗಿಸಿ. 1969ರ ಜುಲೈ 16ರಿಂದ 24ರವರೆಗೆ ಮೂವರು ದೊಡ್ಡವರು ಹೆಚ್ಚಿನ ಹೊತ್ತು ಇಷ್ಟರಲ್ಲೇ ಇದ್ದರು ಎಂದು ಅಲ್ಲಿ ಮಲಗಿದ್ದಾಗ ಹೇಳಬೇಕು, ಮೊದಲೇ ಹೇಳಬಾರದು.

ಆಮೇಲೆ ಮಾಡೆಲ್‌ನ ಒಳಗೆ ಹೋಗಿ. ಗಗನಯಾತ್ರಿಗಳು ಗೋಡೆಯ ಮೇಲೆ ಬರೆದ ಕೈಬರಹವಿದೆ. ಅದರಲ್ಲೊಂದು ಪುಟ್ಟ ಕ್ಯಾಲೆಂಡರ್, ಕಳೆದ ದಿನಗಳ ಮೇಲೆ ಕಾಟು ಹಾಕಿದ್ದಾರೆ. ಪ್ರಶ್ನೆ: ಯಾವ ದಿನಕ್ಕೆ ಕಾಟು ಇಲ್ಲ? ಭೂಮಿಗೆ ವಾಪಸಾದ ದಿನಕ್ಕೆ. ಉತ್ತರ ಸಿಕ್ಕಾಗ ಕೋಣೆ ಒಂದು ಕ್ಷಣ ಸುಮ್ಮನಾಗುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಈ ಮಾಡೆಲ್ ತೊಡರುತ್ತದೆ, ಹಾಗಾಗಿ ಹತ್ತು ನಿಮಿಷ ಮುಂಚೆಯೇ ತೆರೆದು ಪೂರ್ತಿ ಲೋಡ್ ಆಗಲು ಬಿಡಿ, ಬೇರೆ ಟ್ಯಾಬ್‌ಗಳನ್ನೆಲ್ಲ ಮುಚ್ಚಿ.

ಸ್ಟ್ರೀಟ್ ವ್ಯೂನಲ್ಲಿ ನಿಲ್ದಾಣ ಗುರುತು ಮಾಡಿಕೊಳ್ಳುವಾಗ ಬರೀ ಜಾಗದ ಹೆಸರು ಬರೆದುಕೊಂಡರೆ ಕೆಟ್ಟಿರಿ. ಬೇಕಾದ ಕಡೆಗೆ ತಿರುಗಿಸಿ, ಜೂಮ್ ಮಾಡಿ, ಆಮೇಲೆ ಬ್ರೌಸರಿನ ಮೇಲ್ತುದಿಯ ವಿಳಾಸಪಟ್ಟಿಯಲ್ಲಿರುವ ಲಿಂಕ್ ಇಡೀ ನಕಲು ಮಾಡಿ. ಅದರೊಳಗೆ ಅಕ್ಷಾಂಶ ರೇಖಾಂಶದ ನಂತರ ನಮಗೆ ಬೇಕಾದ ಮೂರು ಅಂಕಿಗಳಿವೆ. 'ವೈ' (y) ಅಕ್ಷರದ ಹಿಂದಿನದು ನೋಟದ ಅಗಲ, 'ಎಚ್' (h) ಹಿಂದಿನದು ದಿಕ್ಕು, 'ಟಿ' (t) ಹಿಂದಿನದು ಮೇಲೆ ಕೆಳಗಿನ ಓರೆ. ಟಿ 90 ಎಂದರೆ ನೇರ ಮುಂದಕ್ಕೆ. ವೈ ಸಾಮಾನ್ಯವಾಗಿ 75 ಇರುತ್ತದೆ, 30ಕ್ಕೆ ಇಳಿಸಿದರೆ ಹತ್ತಿರದ ನೋಟ. ಲಿಂಕಿನಲ್ಲೇ ಅಂಕಿ ತಿದ್ದಿ ಬೇಕಾದ ನೋಟ ಕೂರಿಸಬಹುದು. ಐದನೇ ನಿಲ್ದಾಣವನ್ನು ಹೇಗೆ ಆರಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಮೂರು ವರ್ಷ ಒದ್ದಾಡಿ ಕಂಡುಕೊಂಡದ್ದು.

ಬೇರೆ ಬೇರೆ ಮನೆಗಳಿಂದ ಸೇರುವಾಗ ಸ್ಕ್ರೀನ್ ಶೇರ್ ಮಾಡಬೇಡಿ. ಸುತ್ತು ತಿರುಗುವ ಚಿತ್ರ ಶೇರ್‌ನಲ್ಲಿ ತಡೆತಡೆದು ಹೋಗುತ್ತದೆ, ನೋಡುವವರಿಗೆ ತಲೆ ಸುತ್ತು ಬರುತ್ತದೆ. ಐದು ಲಿಂಕ್‌ಗಳನ್ನು ಮೊದಲೇ ಕಳಿಸಿ, ಪ್ರತಿ ಮನೆಯವರೂ ತಮ್ಮಲ್ಲೇ ತೆರೆಯಲಿ, ಕಾಲ್‌ನಲ್ಲಿ ಮಾತು ಮಾತ್ರ ಇರಲಿ. "ಮೂರನೇ ಲಿಂಕ್" ಎಂದರೆ ಎಲ್ಲರೂ ಒಂದೇ ಜಾಗದಲ್ಲಿ ನಿಂತಿರುತ್ತಾರೆ. ವಿಡಿಯೊ ತೋರಿಸಲೇಬೇಕಾದರೆ ಕಾಲ್ ಮಾಡುವ ಜೂಮ್ ಆ್ಯಪ್‌ನಲ್ಲಿ ಧ್ವನಿ ಶೇರ್ ಮಾಡುವ ಮತ್ತು ವಿಡಿಯೊಗೆ ಹೊಂದಿಸುವ ಎರಡೂ ಗುರುತುಗಳನ್ನು ಶೇರ್ ಒತ್ತುವ ಮುಂಚೆಯೇ ಹಾಕಿ. ಉಚಿತ ಖಾತೆಗೆ 40 ನಿಮಿಷದ ಮಿತಿ ಇದೆ. ನಮ್ಮ ಪರದೆಯ ಭಾಗ 25 ನಿಮಿಷ ಆದ್ದರಿಂದ ದುಡ್ಡು ಕೊಡುವ ಪ್ರಮೇಯ ಬಂದಿಲ್ಲ. ಒಂದೇ ಕೋಣೆಯಲ್ಲಿ ಎರಡು ಸಾಧನಗಳಿದ್ದರೆ ಒಂದರ ಮೈಕ್ ಮತ್ತು ಸ್ಪೀಕರ್ ಎರಡನ್ನೂ ಆಫ್ ಮಾಡಿ, ಮೈಕ್ ಮಾತ್ರ ಆಫ್ ಮಾಡಿದರೆ ಮಾರ್ದನಿ ನಿಲ್ಲುವುದಿಲ್ಲ.

ಲೈವ್ ಕ್ಯಾಮೆರಾಗಳಲ್ಲಿ ಕೈಕೊಡುವುದು ಗಡಿಯಾರ. ಅಲಾಸ್ಕಾದ ಬ್ರೂಕ್ಸ್ ಜಲಪಾತದಲ್ಲಿ ಕರಡಿಗಳು ಸಾಲ್ಮನ್ ಮೀನು ಹಿಡಿಯುವುದನ್ನು ನೋಡಬೇಕೆಂದರೆ ಜುಲೈ ತಿಂಗಳೇ ಸರಿ, ಅದೂ ಅಲ್ಲಿನ ಹಗಲಿನಲ್ಲಿ. ಬಾಹ್ಯಾಕಾಶ ನಿಲ್ದಾಣದಿಂದ ಬರುವ ಭೂಮಿಯ ನೋಟ ಕಪ್ಪಗಿದ್ದರೆ ಕೆಟ್ಟಿದೆ ಎಂದು ಮುಚ್ಚಬೇಡಿ. ಆ ನಿಲ್ದಾಣ ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಗೆ ಸುತ್ತು ಹಾಕುತ್ತದೆ, ರಾತ್ರಿಯ ಭಾಗ ದಾಟಲು ಅರ್ಧ ಗಂಟೆ ಚಿಲ್ಲರೆ ಸಾಕು. ಆ ಕಾಯುವ ಹೊತ್ತಿನಲ್ಲಿ ಗ್ಲೋಬ್ ಮೇಲೆ ದಾರ ಸುತ್ತಿಸಿ. ಮಾರ್ಚ್ ತಿಂಗಳ ಬಗ್ಗೆ ವಿಶೇಷ ಎಚ್ಚರಿಕೆ. ಅಮೆರಿಕದಲ್ಲಿ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಹಾಕುವುದು ಎರಡನೇ ಭಾನುವಾರ, ಯುರೋಪಿನಲ್ಲಿ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಇವೆರಡರ ವ್ಯತ್ಯಾಸದ ಹಳೆಯ ಲೆಕ್ಕ ಒಂದು ಗಂಟೆ ತಪ್ಪುತ್ತದೆ. ದುಡ್ಡು ಕಟ್ಟಿದ ಒಂದು ಸೆಷನ್ ಹೀಗೇ ಕೈತಪ್ಪಿತು, ಹಣ ವಾಪಸ್ ಬರಲಿಲ್ಲ. ಈಗ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಹಿಂದೆ ಮುಂದೆ ಆಗದ ಜಾಗತಿಕ ಗಡಿಯಾರದ ಲೆಕ್ಕದಲ್ಲಿ ಬರೆದುಕೊಂಡು, ಹಿಂದಿನ ದಿನ ಒಮ್ಮೆ ತಾಳೆ ನೋಡುತ್ತೇನೆ.

ಆ ಪಾವತಿ ಸೆಷನ್‌ಗಳ ಬಗ್ಗೆ. ಮ್ಯೂಸಿಯಂನ ಶಿಕ್ಷಕರೇ ಎದುರು ಬಂದು ಮಾತಾಡುವ ಈ ಲೈವ್ ಸೆಷನ್‌ಗೆ ಎಷ್ಟೋ ಕಡೆ ಮಕ್ಕಳ ತಲೆಲೆಕ್ಕವಲ್ಲ, ಇಡೀ ಗುಂಪಿಗೆ ಒಂದೇ ಶುಲ್ಕ. ಆರು ಮನೆ ಹಂಚಿಕೊಂಡರೆ ಒಂದೊಂದು ಮನೆಗೆ ಆರನೇ ಒಂದು ಪಾಲು. ಕಟ್ಟುವ ಮುಂಚೆ ಮೂರು ವಿಷಯ ಬರೆದು ಕೇಳಿ: ಬೇರೆ ಬೇರೆ ಮನೆಯಿಂದ ಸೇರಬಹುದೇ, ರೆಕಾರ್ಡ್ ಮಾಡಬಹುದೇ, ನಾವು ಕೇಳಿದ ವಸ್ತುವನ್ನು ತೋರಿಸುತ್ತಾರೆಯೇ. ಮೂರನೆಯದಕ್ಕೆ ಹೌದು ಎಂದವರಿಗೆ ಮಾತ್ರ ಕೊಡಿ. ಬರೀ ಸ್ಲೈಡ್ ಓದುವ ಸೆಷನ್‌ಗೆ ದುಡ್ಡು ಕೊಟ್ಟು ಎರಡು ಬಾರಿ ಪೆಟ್ಟು ತಿಂದಾಗಿದೆ.

ಆದಿಮಾನವರು ಗೋಡೆಯ ಮೇಲೆ ಪ್ರಾಣಿಗಳ ಚಿತ್ರ ಬಿಡಿಸಿದ ಫ್ರಾನ್ಸಿನ ಲಾಸ್ಕೊ ಗುಹೆ ಬೇರೆಯೇ ಲೆಕ್ಕ. 1940ರಲ್ಲಿ ಸಿಕ್ಕಿದ ಗುಹೆಯನ್ನು 1963ರಲ್ಲಿ ಮುಚ್ಚಿದರು. ನೋಡಬಂದವರ ಉಸಿರಿನ ಇಂಗಾಲದ ಡೈಆಕ್ಸೈಡು, ತೇವ, ದೀಪದ ಬೆಳಕು ಸೇರಿ ಗೋಡೆಗೆ ಪಾಚಿ ಹಿಡಿಯಿತು. ಈಗ ಅಸಲಿ ಗುಹೆಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಫ್ರಾನ್ಸಿನ ಸಂಸ್ಕೃತಿ ಸಚಿವಾಲಯದ ವರ್ಚುವಲ್ ಭೇಟಿ ಎಲ್ಲರಿಗೂ ತೆರೆದಿದೆ. ಟಿವಿ ಎಂದು ತಳ್ಳಿಹಾಕಿದವರಿಗೆ ನಾನು ಕೊಡುವ ಉತ್ತರ ಇದೇ. ಕೋಣೆ ಪೂರ್ತಿ ಕತ್ತಲೆ ಮಾಡಿ, 5.2 ಮೀಟರ್ ಹಗ್ಗ ಗೋಡೆಗೆ ಹಿಡಿಯಿರಿ, ಅಲ್ಲಿನ ದೊಡ್ಡ ಗೂಳಿಯ ಚಿತ್ರದ ಉದ್ದ ಅಷ್ಟು. ಆಮೇಲೆ ಮುದುಡಿ ಬಿಡಿಸಿದ ಕಂದು ಕಾಗದವನ್ನು ಗೋಡೆಗೆ ಅಂಟಿಸಿ, ಓರೆಯಾಗಿ ಟಾರ್ಚ್ ಬಿಟ್ಟು, ಉಬ್ಬು ತಗ್ಗುಗಳಲ್ಲಿ ಯಾವ ಪ್ರಾಣಿ ಕಾಣುತ್ತದೋ ಅದನ್ನೇ ಇದ್ದಿಲಿನಲ್ಲಿ ಬಿಡಿಸಲು ಹೇಳಿ. ಟಾರ್ಚ್ ನೇರ ಹಿಡಿದರೆ ಉಬ್ಬು ಮಾಯ. ಮೊದಲ ಸಲ ಆದದ್ದು ಅದೇ.

ಸದ್ಯ ಕೈ ಹಾಕಿರುವುದು ನಮ್ಮದೇ ಟ್ರಿಪ್ ಕಟ್ಟಿ ಬೇರೆ ಗುಂಪಿನ ಜೊತೆ ಅದಲು ಬದಲು ಮಾಡುವ ಪ್ರಯೋಗಕ್ಕೆ. ಸೇವೆಗಳು ನಿಂತುಹೋಗುತ್ತವೆ, ಇಂಥ ಟ್ರಿಪ್ ತೋರಿಸುತ್ತಿದ್ದ ಗೂಗಲ್ ಎಕ್ಸ್‌ಪೆಡಿಷನ್ಸ್ 2021ರ ಜೂನ್ 30ಕ್ಕೆ ನಿಂತ ಹಾಗೆ. ನಮ್ಮ ಚಿತ್ರ ನಮ್ಮ ಹತ್ತಿರವೇ ಇರುತ್ತದೆ. ಎರಡು ಲೆನ್ಸಿನ 360 ಕ್ಯಾಮೆರಾದಲ್ಲಿ ತೆಗೆದ, ಅಗಲ ಎರಡಕ್ಕೆ ಎತ್ತರ ಒಂದರ ಅಳತೆಯ ಚಿತ್ರಗಳನ್ನು ಮಾರ್ಜಿಪಾನೊ ಎಂಬ ಉಚಿತ ಸಾಧನದಲ್ಲಿ ಜೋಡಿಸುತ್ತಿದ್ದೇನೆ. ಕ್ಯಾಮೆರಾವನ್ನು ನೆಲದಿಂದ 1.2 ಮೀಟರ್ ಎತ್ತರಕ್ಕೆ ಇಡಿ, ಮಕ್ಕಳ ಕಣ್ಣಿನ ಮಟ್ಟಕ್ಕೆ. ದೊಡ್ಡವರ ಎತ್ತರದಿಂದ ತೆಗೆದದ್ದು ಅವರಿಗೆ ಮೇಲಿಂದ ಇಣುಕಿದಂತೆ ಅನಿಸುತ್ತದೆ. ಒಂದು ಮೀಟರ್‌ಗಿಂತ ಹತ್ತಿರ ಏನೂ ಇರಬಾರದು, ಇದ್ದರೆ ಎರಡು ಲೆನ್ಸಿನ ಚಿತ್ರ ಕೂಡುವಲ್ಲಿ ಅದು ಮುರಿದು ಕಾಣುತ್ತದೆ. ಹತ್ತು ಚಿತ್ರಗಳಲ್ಲಿ ನಾಲ್ಕು ಕೆಟ್ಟವು, ಎಲ್ಲವೂ ಇದೇ ಕಾರಣಕ್ಕೆ. ಕೈಗೆ ಬಂದ ಆರರಲ್ಲಿ ಐದನ್ನು ಆರಿಸಿ, ಒಂದೊಂದಕ್ಕೆ ಪ್ರಶ್ನೆ ಬರೆಯುವ ಕೆಲಸವನ್ನು ಈ ಬಾರಿ ಮಕ್ಕಳಿಗೇ ಬಿಟ್ಟಿದ್ದೇನೆ.