ಗಂಗಾವತಿ ರೈಸ್‌ಮಿಲ್ಲಿನ ಲೆಕ್ಕ ಬಿಟ್ಟು ಕೋಡಿಂಗ್‌ಗೆ ಬಂದಿದ್ದು

ಬಿಕಾಂ ಮುಗಿಸಿ ಗಂಗಾವತಿಯ ಒಂದು ರೈಸ್‌ಮಿಲ್ಲಿನಲ್ಲಿ ಆರು ವರ್ಷ ಲೆಕ್ಕ ಬರೆದೆ. ವೇಬ್ರಿಡ್ಜ್ ಚೀಟಿ, ತೇವಾಂಶದ ಕಡಿತ, ಹಮಾಲಿ, ದಲಾಲಿ, ಲಾರಿ ಬಾಡಿಗೆ, ಎಲ್ಲ ನನ್ನ ಟೇಬಲ್ಲಿಗೇ ಬರುತ್ತಿತ್ತು. ಸುಗ್ಗಿಯಲ್ಲಿ ರಾತ್ರಿ ಹನ್ನೊಂದಾದರೂ ಮನೆ ಇಲ್ಲ.

ಬಿಡ್ತೀನಿ ಅಂದಾಗ ಅಪ್ಪ ಕೇಳಿದ್ದು ಒಂದೇ: "371 ಜೆ ಸರ್ಟಿಫಿಕೇಟ್ ಇಟ್ಕೊಂಡು ಎಫ್‌ಡಿಎ ಪರೀಕ್ಷೆ ಬರಿಯೋದು ಬಿಟ್ಟು ಇದೇನು ಹುಚ್ಚು?" ಅವರದೂ ತಪ್ಪಲ್ಲ. ನಮ್ಮ ಕಲ್ಯಾಣ ಕರ್ನಾಟಕದವರಿಗೆ 2013ರಲ್ಲಿ ಬಂದ ಆ ಮೀಸಲಾತಿಯಿಂದ ಸರ್ಕಾರಿ ಕೆಲಸ ಹಿಡಿದವರು ನಮ್ಮ ಓಣಿಯಲ್ಲೇ ಇದ್ದಾರೆ. ಎಂಟು ತಿಂಗಳ ಖರ್ಚು ಕೂಡಿಟ್ಟು, ಬೇಸಿಗೆ ಬೆಳೆಯ ಲೆಕ್ಕ ಮುಗಿಸಿಕೊಟ್ಟು ಹೊರಬಂದೆ.

ಅದರಲ್ಲಿ 45 ಸಾವಿರ ಮೊದಲ ತಿಂಗಳೇ ಹೋಯ್ತು. ಕೆಲಸ ಗ್ಯಾರಂಟಿ ಅಂದ ಬೆಂಗಳೂರಿನ ಒಂದು ಕೋಚಿಂಗ್‌ನವರು ಕೊಟ್ಟಿದ್ದು ಹಳೇ ವಿಡಿಯೋ ಮತ್ತು ಸರ್ಟಿಫಿಕೇಟ್. ಆಮೇಲೆ ಗೊತ್ತಾಯ್ತು, ಹಾರ್ವರ್ಡ್‌ ವಿಶ್ವವಿದ್ಯಾಲಯದ ಸಿಎಸ್50 ಅನ್ನುವ ಕೋಡಿಂಗ್ ಕೋರ್ಸು ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ. ಇಂಗ್ಲಿಷಿನ ವೇಗ ಹಿಡಿಯಲಾಗದೆ ಮುಕ್ಕಾಲು ಸ್ಪೀಡಿಗೆ ಇಳಿಸಿ, ಕರೆಂಟ್ ಹೋದಾಗ ಮೊಬೈಲಿನಲ್ಲಿ, ಒಂದೊಂದು ಪಾಠ ಮೂರು ಮೂರು ಸಲ ನೋಡಿದೆ.

ಆದರೂ ತಲೆಗೆ ಹತ್ತಿದ್ದು ಮಿಲ್ಲಿನ ಲೆಕ್ಕವನ್ನೇ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಲು ಕೂತಾಗ. 0.1ಕ್ಕೆ 0.2 ಕೂಡಿಸಿದರೆ ಅದು 0.30000000000000004 ಅನ್ನುತ್ತದೆ! ಒಂದು ಪೈಸೆ ತಾಳೆಯಾಗದಿದ್ದರೆ ಬೆಳಗಿನ ತನಕ ಕೂರುತ್ತಿದ್ದವನು ನಾನು. ಕಂಪ್ಯೂಟರ್ ಸಂಖ್ಯೆಗಳನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ, ಅದರಲ್ಲಿ 0.1 ಸರಿಯಾಗಿ ಕೂರುವುದಿಲ್ಲ. ಎಲ್ಲ ಮೊತ್ತವನ್ನೂ ಪೈಸೆ ಮಾಡಿ ಪೂರ್ಣಾಂಕದಲ್ಲೇ ಇಟ್ಟೆ. ತಾಳೆಯಾಯ್ತು. ಕೋಡಿನಲ್ಲಿ ಮಾಡಿದ ಒಂದೊಂದು ಬದಲಾವಣೆಯ ದಾಖಲೆ ಇಡುವ ಗಿಟ್ ಕೂಡ ಹಾಗೇ ತಿಳಿಯಿತು: ಕಿರ್ದಿಯಲ್ಲಿ ತಪ್ಪಾದರೆ ಅಳಿಸುವ ಹಾಗಿಲ್ಲ, ಉಲ್ಟಾ ಎಂಟ್ರಿ ಹಾಕಬೇಕು ಅಲ್ವಾ, ಗಿಟ್‌ನಲ್ಲಿ ರಿವರ್ಟ್ ಅಂದರೂ ಅದೇ.

ಕೆಲಸಕ್ಕೆ ಅರ್ಜಿ ಹಾಕಿದ್ದರಲ್ಲಿ ಇಪ್ಪತ್ತಕ್ಕೂ ಜಾಸ್ತಿ ಕಡೆಯಿಂದ ಉತ್ತರವೇ ಬರಲಿಲ್ಲ. ಕೊನೆಗೆ ಅಕೌಂಟಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಯೊಂದು ಕರೆಯಿತು. ಸರ್ಟಿಫಿಕೇಟ್ ಯಾರೂ ಕೇಳಲಿಲ್ಲ, ಆ ಪೈಸೆ ಕಥೆಯನ್ನೇ ಅರ್ಧ ಗಂಟೆ ಕೆದಕಿ ಕೆದಕಿ ಕೇಳಿದರು. ಮೊದಲ ಸಂಬಳ ಮಿಲ್ಲಿಗಿಂತ ಎರಡು ಸಾವಿರ ಕಮ್ಮಿ.

ನನ್ನ ಪ್ರೋಗ್ರಾಂ ಮಿಲ್ಲಿನಲ್ಲಿ ಇನ್ನೂ ಓಡುತ್ತಿದೆ. ನಮ್ಮ ಕಡೆ ಭತ್ತದ ರೇಟು 75 ಕಿಲೋ ಚೀಲಕ್ಕೆ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ಲಿಗೆ. ನಾನೋ, 75 ಅನ್ನುವುದನ್ನು ಕಂಡ ಕಂಡಲ್ಲಿ ನೇರವಾಗಿ ಬರೆದುಬಿಟ್ಟಿದ್ದೆ. ಕಳೆದ ಸುಗ್ಗಿಯಲ್ಲಿ ಸಾವುಕಾರರ ಫೋನು: "ಏನಪಾ, ನಿನ್ನ ಕಂಪ್ಯೂಟರು ಕ್ವಿಂಟಲ್ ಅಂದ್ರ 75 ಕಿಲೋ ಅಂತೈತಲ್ಲ!" ಭಾನುವಾರವಿಡೀ ಕೂತು ಹತ್ತು ಕಡೆ ಸರಿಮಾಡಿದೆ. ಹನ್ನೊಂದನೆಯದನ್ನು ಮಂಗಳವಾರ ಅವರೇ ಹುಡುಕಿಕೊಟ್ಟರು.