ಕೂಡಿಡುವ ಸೇಬನ್ನು ಯಾವ ಹದದಲ್ಲಿ ಕೀಳಬೇಕು?

ಮರದಿಂದ ಕಿತ್ತು ಅಲ್ಲೇ ಕಚ್ಚಿದಾಗ ರುಚಿಯೆನಿಸುವ ಸೇಬು ಕೂಡಿಡುವುದಕ್ಕೆ ಆಗಲೇ ತಡವಾಗಿರುತ್ತದೆ. ತಿನ್ನುವ ಹದ ಬೇರೆ, ತಿಂಗಳುಗಟ್ಟಲೆ ಇಡುವ ಹದ ಬೇರೆ. ಇಡುವ ಕಾಯಿ ಪೂರ್ತಿ ಬಲಿತಿರಬೇಕು, ಆದರೆ ಹಣ್ಣಾಗಿರಬಾರದು.

ಕಿತ್ತ ಮೇಲೂ ಸೇಬು ಎಥಿಲೀನ್ ಅನಿಲ ಬಿಡುತ್ತಾ ಮಾಗುತ್ತಲೇ ಇರುತ್ತದೆ. ತಂಪು ಕೋಣೆ ಅದನ್ನು ನಿಧಾನ ಮಾಡೀತು, ಪೂರ್ತಿ ನಿಲ್ಲಿಸಲಾರದು. ತಡವಾಗಿ ಕಿತ್ತರೆ ತಿರುಳು ಬೇಗ ಹಿಟ್ಟುಹಿಟ್ಟಾಗುತ್ತದೆ. ಹಾಗಂತ ತೀರಾ ಬೇಗ ಕಿತ್ತರೆ ಸಿಹಿ, ಪರಿಮಳ ಕೂಡುವುದಿಲ್ಲ, ಸಿಪ್ಪೆ ಸುಕ್ಕಾಗುತ್ತದೆ, ಕಂದು ಕಲೆಗಳೂ ಬರಬಹುದು.

ಮೊದಲು ದಿನ ಎಣಿಸಿ

ಮರ ತುಂಬಾ ಹೂ ಬಿಟ್ಟ ದಿನವನ್ನು ಬರೆದಿಡಿ. ಗಾಲಾ ತಳಿಗೆ ಅಲ್ಲಿಂದ ಸುಮಾರು 110ರಿಂದ 120 ದಿನ ಬೇಕು. ರೆಡ್ ಡೆಲಿಷಿಯಸ್‌ಗೆ 140ರಿಂದ 150. ಫ್ಯೂಜಿ ಇನ್ನೂ ತಡ. ಬಿಸಿಲು, ಚಳಿ ನೋಡಿಕೊಂಡು ಇದು ಹಿಂದೆಮುಂದೆ ಆಗುತ್ತದೆ. ಆದ್ದರಿಂದ ಈ ಲೆಕ್ಕ ಪರೀಕ್ಷೆ ಯಾವಾಗ ಶುರು ಮಾಡಬೇಕು ಅನ್ನುವುದಕ್ಕೆ ಮಾತ್ರ. ಮೂರು ವಾರ ಮುಂಚೆ ಶುರು ಮಾಡಿ.

ಕೆಂಪು ನೋಡಿ ಮೋಸ ಹೋಗಬೇಡಿ

ಬಿಸಿಲು ಬಿದ್ದ ಕಡೆ ಎಳೆಗಾಯಿಯೂ ಕೆಂಪಾಗುತ್ತದೆ. ನೋಡಬೇಕಾದ್ದು ಕೆಂಪಿಲ್ಲದ ಜಾಗವನ್ನು, ಮುಖ್ಯವಾಗಿ ತೊಟ್ಟಿನ ಸುತ್ತ. ಅಲ್ಲಿನ ಕಡುಹಸಿರು ತಿಳಿಯಾಗಿ ಹಳದಿಗೆ ತಿರುಗಲು ಶುರುವಾದರೆ ಹದ ಹತ್ತಿರ ಬಂದಿದೆ ಎಂದರ್ಥ. ಪೂರ್ತಿ ಹಳದಿಯಾಗುವವರೆಗೆ ಕಾಯಬೇಡಿ. ಮೈಯೆಲ್ಲ ಕೆಂಪಾಗುವ ತಳಿಗಳಲ್ಲಿ ಈ ಗುರುತು ಸಿಗುವುದು ಕಷ್ಟ.

ಬೀಜ ಕಂದಾದರೆ ಸಾಕು ಅನ್ನುವವರಿದ್ದಾರೆ. ಬೀಜ ಬೆಳ್ಳಗಿದ್ದರೆ ಕೀಳಬೇಡಿ ಅನ್ನುವಷ್ಟು ಸರಿ. ಆದರೆ ಹದಕ್ಕೆ ಬರುವ ಎಷ್ಟೋ ಮೊದಲೇ ಬೀಜ ಕಂದಾಗಿರಬಹುದು. ಹಣ್ಣು ತಾನಾಗಿ ಉದುರಿತು ಎಂದು ಬುಟ್ಟಿ ಹಿಡಿದು ಓಡುವುದೂ ಬೇಡ, ಹುಳು ಬಿದ್ದ ಕಾಯಿ ಮೊದಲೇ ಉದುರುತ್ತದೆ ಅಲ್ವಾ?

ಅಯೋಡಿನ್ ಪರೀಕ್ಷೆ

ನನ್ನ ಮಟ್ಟಿಗೆ ಒಂದೇ ಪರೀಕ್ಷೆ ಮಾಡುವುದಾದರೆ ಇದನ್ನೇ ಮಾಡಬೇಕು. ಕಾಯಿ ಬಲಿಯುವಾಗ ಪಿಷ್ಟ ತುಂಬಿಕೊಂಡಿರುತ್ತದೆ. ಮಾಗುತ್ತಾ ಅದು ಸಕ್ಕರೆಯಾಗುತ್ತದೆ. ಅಯೋಡಿನ್ ತಾಗಿದರೆ ಪಿಷ್ಟ ಇರುವ ಜಾಗ ಕಡುನೀಲಿಯಾಗಿ ಕಪ್ಪಗೆ ಕಾಣುತ್ತದೆ, ಪಿಷ್ಟ ಕರಗಿದ ಜಾಗ ಬೆಳ್ಳಗೆ ಉಳಿಯುತ್ತದೆ.

ಬೇರೆ ಬೇರೆ ಮರಗಳಿಂದ, ಕಣ್ಣೆತ್ತರದ ಕೊಂಬೆಗಳಿಂದ ಹತ್ತು ಕಾಯಿ ತನ್ನಿ. ಒಂದೇ ತಳಿಯದ್ದಾಗಿರಲಿ. ಪ್ರತಿಯೊಂದನ್ನೂ ನಡುವೆ ಅಡ್ಡಕ್ಕೆ ಕೊಯ್ಯಿರಿ. ಕೊಯ್ದ ಮುಖಕ್ಕೆ ಅಯೋಡಿನ್ ದ್ರಾವಣ ಹಚ್ಚಿ ಒಂದು ನಿಮಿಷ ಬಿಟ್ಟು ನೋಡಿ.

ಮುಖವೆಲ್ಲ ಕಪ್ಪಾದರೆ ಇನ್ನೂ ಎಳೆಯದು. ಬೀಜದ ಗೂಡಿನ ಸುತ್ತ ಬೆಳ್ಳಗಿದ್ದು, ಹೊರಗಿನ ತಿರುಳು ಬಹುಪಾಲು ಕಪ್ಪಾಗಿದ್ದರೆ ತಿಂಗಳುಗಟ್ಟಲೆ ಇಡಲು ಸರಿಯಾದ ಹದ. ಸಿಪ್ಪೆಯ ಕೆಳಗೆ ಮಾತ್ರ ಕಪ್ಪು ಅಂಚು ಉಳಿದಿದ್ದರೆ ಬೇಗ ತಿಂದು ಮುಗಿಸಿ. ತಳಿಯಿಂದ ತಳಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ, ಹಾಗಾಗಿ ಪ್ರತಿ ವರ್ಷ ಫೋಟೊ ತೆಗೆದಿಟ್ಟುಕೊಳ್ಳಿ. ವಾರಕ್ಕೆ ಎರಡು ಸಲ ಪರೀಕ್ಷಿಸಿ. ಅಯೋಡಿನ್ ವಿಷ. ಕೈಗವಸು ಹಾಕಿಕೊಳ್ಳಿ. ಪರೀಕ್ಷೆಗೆ ಬಳಸಿದ ಕಾಯಿಯನ್ನು ತಿನ್ನಬಾರದು, ದನಕ್ಕೂ ಹಾಕಬಾರದು.

ದೊಡ್ಡ ತೋಟದವರು ಗಟ್ಟಿತನ ಅಳೆಯುವ ಪೆನೆಟ್ರೋಮೀಟರ್ ಕೂಡ ಇಟ್ಟುಕೊಳ್ಳುತ್ತಾರೆ. ಸೇಬಿಗೆ 11 ಮಿಲಿಮೀಟರ್ ಅಗಲದ ತುದಿ ಬಳಸಬೇಕು. ಮನೆ ಹಿತ್ತಲಿನ ಎರಡು ಮರಕ್ಕೆ ಸುಮ್ನೆ ಖರ್ಚು.

ಕೀಳುವುದು, ಇಡುವುದು

ಒಂದೇ ದಿನ ಮರ ಬೋಳಿಸಬೇಡಿ. ಬಿಸಿಲಿಗೆ ಮೈಯೊಡ್ಡಿದ ಹೊರಗಿನ ಕಾಯಿಗಳು ಮೊದಲು ಹದಕ್ಕೆ ಬರುತ್ತವೆ, ಒಳಗಿನವು ಆಮೇಲೆ. ಎರಡು ಮೂರು ಸುತ್ತಿನಲ್ಲಿ ಕೀಳಿ. ಕಾಯಿಯನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ ಸ್ವಲ್ಪ ತಿರುಗಿಸಿದರೆ ಸಾಕು, ತೊಟ್ಟಿನ ಸಮೇತ ಬರುತ್ತದೆ. ತೊಟ್ಟು ಕಿತ್ತುಹೋದದ್ದು, ಪೆಟ್ಟು ಬಿದ್ದದ್ದನ್ನು ಬೇರೆ ಇಡಿ.

ಕಿತ್ತ ದಿನವೇ ತಂಪಿಗೆ ಸೇರಿಸಿ. ಹೆಚ್ಚಿನ ತಳಿಗಳಿಗೆ 0ಯಿಂದ 1 ಡಿಗ್ರಿ ಸೆಲ್ಸಿಯಸ್, ಶೇ 90ಕ್ಕಿಂತ ಜಾಸ್ತಿ ತೇವಾಂಶ ಹಿತ. ಹನಿಕ್ರಿಸ್ಪ್‌ನಂಥ ಕೆಲವಕ್ಕೆ ಅಷ್ಟು ಚಳಿ ಆಗದು, 3 ಡಿಗ್ರಿ ಇರಲಿ. ಆಗಾಗ ನೋಡಿ ಕೊಳೆತದ್ದನ್ನು ತೆಗೆಯಿರಿ. ಪಕ್ಕದಲ್ಲಿ ಕ್ಯಾರೆಟ್ ಇಡಬೇಡಿ, ಸೇಬು ಬಿಡುವ ಎಥಿಲೀನ್‌ಗೆ ಅದು ಕಹಿಯಾಗುತ್ತದೆ.