ಬಿಲ್ಲು ಸ್ಪ್ಯಾಮ್‌ಗೆ ಬೀಳುತ್ತಿದೆಯೇ? ತಪ್ಪು ಎಲ್ಲಿದೆ ಎಂದು ಹೀಗೆ ಹುಡುಕಿ

ದಾವಣಗೆರೆ ಮಂಡಿಪೇಟೆಯ ಅಂಗಡಿಯಾಗಲಿ, ಚಳ್ಳಕೆರೆಯ ಎಣ್ಣೆ ಮಿಲ್ಲಾಗಲಿ, ಸ್ವಂತ ಡೊಮೇನ್‌ನಿಂದ (ಮೇಲ್ ವಿಳಾಸದಲ್ಲಿ @ ನಂತರ ಬರುವ ನಿಮ್ಮದೇ ಹೆಸರು) ಕಳಿಸಿದ ಬಿಲ್ಲು ಪಾರ್ಟಿಯ ಸ್ಪ್ಯಾಮ್ ಫೋಲ್ಡರ್ ಸೇರಿದರೆ ‘ನಾಟ್ ಸ್ಪ್ಯಾಮ್ ಒತ್ತಿ ಸಾರ್’ ಎಂದು ಫೋನ್ ಮಾಡಿ ಸುಮ್ಮನಾಗಬೇಡಿ. ಅದರಿಂದ ಅವರೊಬ್ಬರ ಇನ್‌ಬಾಕ್ಸ್ ಸರಿಹೋದೀತು, ಅಷ್ಟೇ.

ಮೊದಲು, ಬಿಲ್ಲು ಹೋಗುವ ಅದೇ ಸಾಫ್ಟ್‌ವೇರ್‌ನಿಂದ ನಿಮ್ಮ ಜಿಮೇಲ್‌ಗೆ ಒಂದು ಮೇಲ್ ಕಳಿಸಿ. ಕಂಪ್ಯೂಟರಿನಲ್ಲಿ ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿ ‘ಶೋ ಒರಿಜಿನಲ್’ ಒತ್ತಿ. ಮೇಲ್ ನಿಜಕ್ಕೂ ನಿಮ್ಮದೇ ಎಂದು ನೋಡುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಪರೀಕ್ಷೆಗಳ ಫಲಿತಾಂಶವೂ ಮೇಲ್ಗಡೆಯೇ ಸಿಗುತ್ತದೆ. 550 5.7.26 ಎಂಬ ಸಂಖ್ಯೆಯೊಂದಿಗೆ ಮೇಲ್ ವಾಪಸ್ ಬಂದಿದ್ದರೂ ತೊಂದರೆ ಈ ಮೂರರಲ್ಲೇ ಇದೆ.

ಎಸ್‌ಪಿಎಫ್ ಎಂದರೆ ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ. ಡಿಎನ್‌ಎಸ್‌ನ (ಡೊಮೇನ್‌ಗಳ ವಿವರ ಇಡುವ ಇಂಟರ್ನೆಟ್ ವಿಳಾಸಪಟ್ಟಿ) ಟಿಎಕ್ಸ್‌ಟಿ ಎಂಬ ಪಠ್ಯ ದಾಖಲೆಯಲ್ಲಿರುತ್ತದೆ. ಹೋಸ್ಟಿಂಗ್‌ನವರು ಒಂದು ಹಾಕಿರುತ್ತಾರೆ, ಬಿಲ್ಲಿಂಗ್ ಸಾಫ್ಟ್‌ವೇರ್‌ನವರು ಇನ್ನೊಂದು ಹಾಕಿಸುತ್ತಾರೆ. ಎರಡಿದ್ದರೆ ಎರಡೂ ಕೆಲಸಕ್ಕೆ ಬಾರವು, ‘ಪರ್ಮ್‌ಎರರ್’ (ಶಾಶ್ವತ ದೋಷ) ಬರುತ್ತದೆ. ಎರಡರ ‘ಇನ್‌ಕ್ಲೂಡ್’ಗಳನ್ನೂ (ಬೇರೆ ಕಂಪನಿಯ ಸರ್ವರ್ ಪಟ್ಟಿಯನ್ನು ಸೇರಿಸುವ ಭಾಗ) ಒಂದೇ ಸಾಲಿಗೆ ಸೇರಿಸಿ, ಇನ್ನೊಂದನ್ನು ಅಳಿಸಿ. ಆ ಸಾಲನ್ನು ಪರೀಕ್ಷಿಸಲು ಬೇಕಾಗುವ ಡಿಎನ್‌ಎಸ್ ಹುಡುಕಾಟ 10 ದಾಟಿದರೂ ಇದೇ ದೋಷ. ಇನ್‌ಕ್ಲೂಡ್‌ನ ಒಳಗಿರುವ ಇನ್‌ಕ್ಲೂಡ್‌ಗಳೂ ಲೆಕ್ಕಕ್ಕೆ ಬರುತ್ತವೆ. ನೇರವಾಗಿ ಬರೆದ ಐಪಿ ವಿಳಾಸ ಬರುವುದಿಲ್ಲ.

ಡಿಕಿಮ್ ಮೇಲ್‌ಗೆ ಹಾಕುವ ಸಹಿ. ಅದನ್ನು ಪರೀಕ್ಷಿಸುವ ಕೀ ಡಿಎನ್‌ಎಸ್ ದಾಖಲೆಯಲ್ಲಿರುತ್ತದೆ. ಇಲ್ಲಿ ತಪ್ಪಾಗುವುದು ಬಹುತೇಕ ಕಾಪಿ-ಪೇಸ್ಟ್‌ನಲ್ಲಿ. ಹಲವು ಡಿಎನ್‌ಎಸ್ ಪ್ಯಾನಲ್‌ಗಳು ದಾಖಲೆಯ ಹೆಸರಿನ ಕೊನೆಗೆ ಡೊಮೇನನ್ನು ತಾವೇ ಸೇರಿಸುತ್ತವೆ. ನೀವೂ ಪೂರ್ತಿ ಹೆಸರು ಹಾಕಿದರೆ ಡೊಮೇನ್ ಎರಡು ಸಲ ಬಂದು ಕೀ ಸಿಗುವುದೇ ಇಲ್ಲ. 2048 ಬಿಟ್ ಕೀ ಒಂದು ತುಂಡಿನ 255 ಅಕ್ಷರದ ಮಿತಿ ಮೀರುತ್ತದೆ. ಅದೇ ದಾಖಲೆಯಲ್ಲಿ ಉದ್ಧರಣ ಚಿಹ್ನೆಯೊಳಗೆ ಎರಡು ತುಂಡು ಮಾಡಿ.

ಎರಡೂ ಪಾಸಾಗಿ ಡಿಮಾರ್ಕ್ ಮಾತ್ರ ಫೇಲ್ ಆದರೆ? ಅಲ್ಲಿ ಪಾಸಾಗಿರುವುದು ನಿಮ್ಮ ಡೊಮೇನ್ ಅಲ್ಲ, ಸಾಫ್ಟ್‌ವೇರ್ ಕಂಪನಿಯದ್ದು. ಎಸ್‌ಪಿಎಫ್ ನೋಡುವುದು ‘ರಿಟರ್ನ್ ಪಾತ್’ (ತಲುಪದ ಮೇಲ್ ವಾಪಸ್ ಹೋಗುವ) ವಿಳಾಸವನ್ನು, ಗ್ರಾಹಕರಿಗೆ ಕಾಣುವ ‘ಫ್ರಮ್’ ಅನ್ನು ಅಲ್ಲ. ಎಸ್‌ಪಿಎಫ್, ಡಿಕಿಮ್ ಎರಡರಲ್ಲಿ ಪಾಸಾದ ಒಂದಾದರೂ ಫ್ರಮ್ ಡೊಮೇನ್‌ಗೆ ಹೊಂದಬೇಕು, ಡಿಮಾರ್ಕ್ ನೋಡುವುದು ಇದನ್ನೇ. ನಿಮ್ಮ ಡೊಮೇನ್ ಹೆಸರಿನಲ್ಲೇ ಡಿಕಿಮ್ ಸಹಿ ಹಾಕಿಸುವುದು ಒಳ್ಳೆಯ ದಾರಿ. ಗ್ರಾಹಕರು ಬಿಲ್ಲನ್ನು ತಮ್ಮ ಆಡಿಟರ್‌ಗೆ ಆಟೋ ಫಾರ್ವರ್ಡ್ ಇಟ್ಟಿದ್ದರೆ ಎಸ್‌ಪಿಎಫ್ ಸಾಮಾನ್ಯವಾಗಿ ಮುರಿಯುತ್ತದೆ. ಒಕ್ಕಣೆ ಬದಲಾಗದಿದ್ದರೆ ಡಿಕಿಮ್ ಉಳಿಯುತ್ತದೆ.

‘ಸೆಂಡರ್ ವೆರಿಫೈ ಫೇಲ್ಡ್’ ಎಂದು ಬಂದರೆ ವಿಷಯ ಬೇರೆ. ಕೆಲವು ಸರ್ವರ್‌ಗಳು ನಿಮ್ಮ ಮೇಲ್ ಸರ್ವರ್‌ಗೇ ವಾಪಸ್ ಬಂದು ‘ಈ ವಿಳಾಸ ಇದೆಯೇ?’ ಎಂದು ಕೇಳುತ್ತವೆ. ಮೇಲ್‌ಬಾಕ್ಸೇ ಇಲ್ಲದ ‘ನೋರಿಪ್ಲೈ’ಯಿಂದ ಕಳಿಸಿದ್ದರೆ ಇಲ್ಲ ಎಂಬ ಉತ್ತರವೇ ಹೋಗುತ್ತದೆ. ಆ ಹೆಸರಿನಲ್ಲಿ ಮೇಲ್‌ಬಾಕ್ಸ್ ತೆರೆಯಿರಿ. ಕಳಿಸಿದವರ ವಿಳಾಸ ಖಾಲಿಯಿರುವ ಮೇಲನ್ನು ನಿಮ್ಮ ಸರ್ವರ್ ನಿರಾಕರಿಸುವಂತಿದ್ದರೆ ಅದನ್ನೂ ತೆಗೆಸಿ. ಈ ಪ್ರಶ್ನೆ ಬರುವುದು ಹಾಗೆಯೇ.

ನಿಮ್ಮ ಫಿಲ್ಟರ್‌ನಲ್ಲಿ ಸ್ವಂತ ಡೊಮೇನನ್ನು ಯಾವ ಕಾರಣಕ್ಕೂ ವೈಟ್‌ಲಿಸ್ಟ್ (ಪರೀಕ್ಷೆಯಿಲ್ಲದೆ ಒಳಬಿಡುವ ಪಟ್ಟಿ) ಮಾಡಬೇಡಿ. ನಿಮ್ಮದೇ ಹೆಸರಿನ ನಕಲಿ ಮೇಲ್‌ಗೆ ಬಾಗಿಲು ತೆರೆದಂತಾಗುತ್ತದೆ.

ಬದಲಾವಣೆ ಮಾಡಿದೊಡನೆ ಪರೀಕ್ಷಿಸಿದರೆ ಹಳೆಯ ಉತ್ತರವೇ ಬರಬಹುದು. ದಾಖಲೆಯ ಟಿಟಿಎಲ್ (ಹಳೆಯ ಉತ್ತರವನ್ನು ಎಷ್ಟು ಸೆಕೆಂಡು ಇಟ್ಟುಕೊಳ್ಳಬಹುದು ಎಂಬ ಸಂಖ್ಯೆ) 3600 ಎಂದಿದ್ದರೆ ಒಂದು ಗಂಟೆ ಬಿಟ್ಟು, ಹೊಸದಾಗಿ ಇನ್ನೊಂದು ಮೇಲ್ ಕಳಿಸಿ ನೋಡಿ.